ಒಲೆಯ ಹೊಗೆ ಮತ್ತು ಹೃದಯದ ಆರೋಗ್ಯ



ಹಾಲು ಸುತ್ತಲಿನ ವಾಸನೆಯನ್ನು ಬಹು ಬೇಗ ಹೀರಿಕೊಳ್ಳುತ್ತದೆ ಎಂಬುದು ನಮಗೆಲ್ಲ ತಿಳಿದ ವಿಷಯ. ಹೊಗೆಯಾಡುವ ಒಲೆಯ ಬಳಿ ಹಾಲನ್ನು ತೆರೆದಿಟ್ಟರೆ ಅದಕ್ಕೆ ಹೊಗೆವಾಸನೆ ಹಿಡಿಯುತ್ತದೆ. ಆದ್ದರಿಂದ ಕರೆದ ಹಾಲನ್ನು ಶುಭ್ರವಾದ ಪಾತ್ರೆಗೆ ಸೋಸಿ, ಮುಚ್ಚಿ, ತಡಮಾಡದೆ ಡೈರಿಗೆ ತಲುಪಿಸುತ್ತೇವೆ. ಹಾಲಿನ ವಿಷಯದಲ್ಲಿ ಇಷ್ಟು ಎಚ್ಚರ ವಹಿಸುವ ನಾವು, ಅದೇ ಒಲೆಯ ಮುಂದೆ ಕುಳಿತು ಊದುಗೊಳವೆ ಊದುವ ತಾಯಿ, ಹೆಂಡತಿ, ಸೊಸೆಯಂದಿರ ಎದೆಗೆ ದಿನವೂ ಎಷ್ಟು ಹೊಗೆ ಸೇರುತ್ತಿದೆ ಎಂದು ಯೋಚಿಸಿದ್ದೇವೆಯೇ?

ಹೊಗೆಯಿಂದ ಕಣ್ಣುರಿ, ಕೆಮ್ಮು, ದಮ್ಮು ಬರುತ್ತವೆ ಎಂಬುದನ್ನು ಎಲ್ಲರೂ ಒಪ್ಪುತ್ತಾರೆ. ಆದರೆ ಹೊಗೆ ಹೃದಯಕ್ಕೂ ರಕ್ತನಾಳಗಳಿಗೂ ಹಾನಿ ಮಾಡುತ್ತದೆ, ಹೃದಯಾಘಾತಕ್ಕೂ ಲಕ್ವಕ್ಕೂ ಕಾರಣವಾಗುತ್ತದೆ ಎಂಬುದು ಬಹಳ ಜನರಿಗೆ ತಿಳಿಯದು. ಈ ಪಾಠದಲ್ಲಿ ಅದು ಹೇಗೆಂಬುದನ್ನೂ, ಹೈನುಗಾರರಾದ ನಮ್ಮ ಕೈಯಲ್ಲಿಯೇ ಇರುವ ಪರಿಹಾರವನ್ನೂ ತಿಳಿಯೋಣ.

ಮಲೆನಾಡಿನಲ್ಲಿ ವಾಯುಮಾಲಿನ್ಯವೇ?

ವಾಯುಮಾಲಿನ್ಯವೆಂದರೆ ಬೆಂಗಳೂರಿನ ವಾಹನಗಳು, ದೆಹಲಿಯ ಚಳಿಗಾಲದ ಮುಸುಕು ನೆನಪಿಗೆ ಬರುತ್ತವೆ. ಸುತ್ತ ಕಾಡು, ಮುಂದೆ ತೋಟ, ಕೆಳಗೆ ತುಂಗೆ ಹರಿಯುವ ನಮ್ಮ ತೀರ್ಥಹಳ್ಳಿ ಸೀಮೆಯಲ್ಲಿ ಗಾಳಿ ಕೆಡುವುದುಂಟೇ ಎಂದು ನೀವು ಕೇಳಬಹುದು. ಹೊರಗಿನ ಗಾಳಿ ಪಟ್ಟಣಕ್ಕಿಂತ ಒಳ್ಳೆಯದಿರಬಹುದು. ಆದರೆ ನಾವು ಉಸಿರಾಡುವುದು ತೋಟದಲ್ಲಿ ಮಾತ್ರವಲ್ಲ, ಮನೆಯೊಳಗೂ ಉಸಿರಾಡುತ್ತೇವೆ.

ಆರಗ, ಕೋಣಂದೂರು, ಮೇಗರವಳ್ಳಿ, ಆಗುಂಬೆ, ಆಚೆ ಹೊಸನಗರ, ಸಾಗರ, ಎಲ್ಲಿಯಾದರೂ ಸರಿ, ಸೌದೆಯನ್ನೇ ನಂಬಿರುವ ಒಂದು ಮನೆಯ ದಿನವನ್ನು ನೋಡೋಣ. ಬೆಳಕು ಹರಿಯುವ ಮೊದಲೇ ಬಚ್ಚಲೊಲೆ ಹೊತ್ತುತ್ತದೆ. ಹಂಡೆಯ ನೀರು ಕಾಯಲು ಒಂದು ಗಂಟೆ. ತಿಂಡಿಗೆ, ಊಟಕ್ಕೆ, ರಾತ್ರಿಯ ಅಡಿಗೆಗೆ ಸೇರಿ ಮೂರು ಗಂಟೆ. ದನಗಳಿಗೆ ಅಕ್ಕಚ್ಚು ಬೇಯಿಸಲು ಅರ್ಧ ಗಂಟೆ. ಸಂಜೆ ಸೊಳ್ಳೆ, ನೊಣ ಓಡಿಸಲು ಕೊಟ್ಟಿಗೆಯಲ್ಲಿ ಹಾಕುವ ಹೊಗೆ ಅರ್ಧ ಗಂಟೆ. ಹಾಲು ಕರೆಯುವವರು ಆ ಹೊಗೆಯಲ್ಲಿಯೇ ಕುಳಿತಿರುತ್ತಾರೆ. ಅಲ್ಲಿಗೆ ಐದು ಗಂಟೆಯಾಯಿತು. ಅಡಿಕೆ ಸುಗ್ಗಿಯಲ್ಲಿ ಅಡಿಕೆ ಬೇಯಿಸುವ ಒಲೆಯ ಮುಂದಿನ ಹೊತ್ತು ಬೇರೆ.

ಮಳೆಗಾಲದಲ್ಲಿ ಪರಿಸ್ಥಿತಿ ಇನ್ನೂ ಕೆಡುತ್ತದೆ. ಆಗುಂಬೆಯಂಥ ಮಳೆಯ ಸೀಮೆಯಲ್ಲಿ ತಿಂಗಳುಗಟ್ಟಲೆ ಕಿಟಕಿ ಬಾಗಿಲು ಮುಚ್ಚಿರುತ್ತವೆ. ಸೌದೆ ಹಸಿಯಾಗಿರುತ್ತದೆ. ಹಸಿ ಸೌದೆ ಉರಿಯುವುದಕ್ಕಿಂತ ಹೊಗೆಯಾಡುವುದೇ ಹೆಚ್ಚು. ಅಟ್ಟದ ಮೇಲಿನ ಕಪ್ಪು ಮಸಿ, ಜಂತಿಯಿಂದ ಇಳಿಬಿದ್ದ ಇಲ್ಲಣ ನಮ್ಮ ಕಣ್ಣಿಗೆ ಕಾಣುತ್ತದೆ. ಎದೆಯೊಳಗೆ ಹೋದದ್ದು ಕಾಣುವುದಿಲ್ಲ, ಅಷ್ಟೇ ವ್ಯತ್ಯಾಸ.

ಅಡಿಗೆ ಅನಿಲದ ಸಿಲಿಂಡರ್ ಈಗ ಹಳ್ಳಿಹಳ್ಳಿಗೂ ಬಂದಿದೆ. 2016ರ ಮೇ ತಿಂಗಳಲ್ಲಿ ಆರಂಭವಾದ ಉಜ್ವಲ ಯೋಜನೆಯಿಂದ ಬಡ ಕುಟುಂಬಗಳಿಗೂ ಸಂಪರ್ಕ ದೊರೆಯಿತು. ಇದು ಒಳ್ಳೆಯ ಬದಲಾವಣೆ. ಆದರೆ ಸಿಲಿಂಡರ್ ಇರುವ ಮನೆಯಲ್ಲಿಯೂ ಅದನ್ನು ಕಾಫಿ ತಿಂಡಿಗೆ ಮೀಸಲಿಟ್ಟು, ಅನ್ನಕ್ಕೆ, ಸ್ನಾನದ ನೀರಿಗೆ, ದನದ ಅಕ್ಕಚ್ಚಿಗೆ ಸೌದೆಯನ್ನೇ ಉರಿಸುವುದುಂಟು. ಸಿಲಿಂಡರ್ ಬಂದ ಮಾತ್ರಕ್ಕೆ ಮನೆಯಿಂದ ಹೊಗೆ ಹೋಯಿತೆಂದು ತಿಳಿಯಬಾರದು.

ಹೊಗೆಯಲ್ಲಿ ಏನೇನಿದೆ?

ಸೌದೆ ಪೂರ್ತಿ ಉರಿಯದಿದ್ದಾಗ ಹೊಗೆ ಬರುತ್ತದೆ. ಅದರಲ್ಲಿ ನೂರಾರು ಬಗೆಯ ವಸ್ತುಗಳಿದ್ದರೂ ಹೃದಯದ ದೃಷ್ಟಿಯಿಂದ ಮುಖ್ಯವಾದವು ಎರಡು.

ಮೊದಲನೆಯದು ಅತಿ ಸೂಕ್ಷ್ಮ ಕಣಗಳು. 2.5 ಮೈಕ್ರಾನ್ ಮತ್ತು ಅದಕ್ಕಿಂತ ಚಿಕ್ಕದಾದ ಕಣಗಳನ್ನು ಪಿ.ಎಂ. 2.5 ಎಂದು ಕರೆಯುತ್ತಾರೆ. ನಮ್ಮ ತಲೆಗೂದಲಿನ ದಪ್ಪದ ಸುಮಾರು ಮೂವತ್ತನೆಯ ಒಂದು ಭಾಗವೆಂದರೆ ಅದರ ಗಾತ್ರ ಅಂದಾಜಾದೀತು. ದಪ್ಪ ಧೂಳು ಮೂಗಿನಲ್ಲಿ, ಗಂಟಲಿನಲ್ಲಿ ನಿಲ್ಲುತ್ತದೆ. ಸೀನಿದರೆ, ಕೆಮ್ಮಿದರೆ ಹೊರಬರುತ್ತದೆ. ಈ ಸೂಕ್ಷ್ಮ ಕಣಗಳು ಹಾಗಲ್ಲ. ಶ್ವಾಸಕೋಶದ ಕೊನೆಯ ಗಾಳಿಚೀಲದವರೆಗೂ ಇಳಿಯುತ್ತವೆ.

ಎರಡನೆಯದು ಕಾರ್ಬನ್ ಮಾನಾಕ್ಸೈಡ್ ಎಂಬ ಬಣ್ಣವಿಲ್ಲದ, ವಾಸನೆಯಿಲ್ಲದ ಅನಿಲ. ನಮ್ಮ ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಕೆಂಪು ವಸ್ತುವಿಗೆ ಈ ಅನಿಲ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಡೈರಿಗೆ ಒಯ್ಯುವ ಕ್ಯಾನಿನಲ್ಲಿ ಮೊದಲೇ ನೀರು ತುಂಬಿದ್ದರೆ ಹಾಲಿಗೆ ಜಾಗವೆಲ್ಲಿ? ಹಾಗೆಯೇ ರಕ್ತ ಹರಿಯುತ್ತಿದ್ದರೂ ಅದರಲ್ಲಿ ಆಮ್ಲಜನಕ ಕಡಿಮೆಯಾಗಿ, ಹೃದಯ ಹೆಚ್ಚು ದುಡಿಯಬೇಕಾಗುತ್ತದೆ.

ಶ್ವಾಸಕೋಶದಿಂದ ಹೃದಯಕ್ಕೆ

ಹೊಗೆ ಹೋಗುವುದು ಶ್ವಾಸಕೋಶಕ್ಕೆ. ಹೃದಯಕ್ಕೆ ಹೇಗೆ ತೊಂದರೆ? ಇದಕ್ಕೆ ಮೂರು ದಾರಿಗಳಿವೆ.

ಒಂದು, ಕಣಗಳು ಸೇರಿದ ಕಡೆ ಶ್ವಾಸಕೋಶದಲ್ಲಿ ಉರಿಯೂತ ಉಂಟಾಗುತ್ತದೆ. ಕೆಚ್ಚಲುಬಾವು ಬಂದ ಹಸುವಿಗೆ ಮೈಯೆಲ್ಲ ಜ್ವರ ಏರುವಂತೆ, ಈ ಉರಿಯೂತದ ಪರಿಣಾಮವೂ ರಕ್ತದ ಮೂಲಕ ಇಡೀ ದೇಹಕ್ಕೆ ಹರಡುತ್ತದೆ. ಅತ್ಯಂತ ಚಿಕ್ಕ ಕಣಗಳು ಗಾಳಿಚೀಲದ ತೆಳು ಗೋಡೆಯನ್ನು ದಾಟಿ ನೇರವಾಗಿ ರಕ್ತಕ್ಕೂ ಸೇರಬಲ್ಲವು.

ಎರಡು, ನರಮಂಡಲ ಕೆರಳಿ ರಕ್ತನಾಳಗಳು ಬಿಗಿಯುತ್ತವೆ. ರಕ್ತದೊತ್ತಡ ಏರುತ್ತದೆ, ಹೃದಯದ ಬಡಿತದ ಲಯ ಏರುಪೇರಾಗುತ್ತದೆ.

ಮೂರು, ರಕ್ತ ಹೆಪ್ಪುಗಟ್ಟುವ ಗುಣ ಹೆಚ್ಚುತ್ತದೆ.

ರಕ್ತನಾಳ ಕಟ್ಟುವುದೆಂದರೆ ಪೈಪಿನೊಳಗೆ ಕೆಸರು ಕೂತಂತೆ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ವಾಸ್ತವವಾಗಿ ಅದು ನಮ್ಮ ಮಳೆಗಾಲದ ಗೋಡೆಯ ಹಾಗೆ. ಗೋಡೆಗೆ ತೇವ ಇಳಿದರೆ ಸುಣ್ಣದ ಪದರದ ಹಿಂದೆ ಉಬ್ಬು ಏಳುತ್ತದೆ. ಮೇಲ್ನೋಟಕ್ಕೆ ಪದರ ಗಟ್ಟಿಯಿದ್ದಂತೆ ಕಂಡರೂ ಒಂದು ದಿನ ಒಡೆದು ಉದುರುತ್ತದೆ. ಹಾಗೆಯೇ ರಕ್ತನಾಳದ ಒಳಪದರ ಹೊಗೆ, ಬಿ.ಪಿ., ಸಕ್ಕರೆ ಕಾಯಿಲೆ, ಬೀಡಿ ಮುಂತಾದವುಗಳಿಂದ ಘಾಸಿಗೊಂಡರೆ, ಆ ಪದರದ ಹಿಂದೆ ವರ್ಷಾನುಗಟ್ಟಲೆ ಕೊಬ್ಬು ಸೇರಿ ಉಬ್ಬುತ್ತದೆ. ನಾಳ ಕಿರಿದಾಗುತ್ತದೆ. ಒಂದು ದಿನ ಆ ಉಬ್ಬು ಒಡೆಯುತ್ತದೆ. ಒಡೆದ ಕಡೆ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿಹೋಗುತ್ತದೆ. ಹೃದಯದ ನಾಳ ಮುಚ್ಚಿದರೆ ಹೃದಯಾಘಾತ. ಮೆದುಳಿನ ನಾಳ ಮುಚ್ಚಿದರೆ ಲಕ್ವ.

ಹೊಗೆ ಈ ಕೆಲಸದಲ್ಲಿ ಎರಡು ಸಲ ಪಾಲ್ಗೊಳ್ಳುತ್ತದೆ. ವರ್ಷಗಟ್ಟಲೆ ಕುಡಿದ ಹೊಗೆ ಉಬ್ಬನ್ನು ಬೆಳೆಸುತ್ತದೆ. ಒಂದು ದಿನ ದಟ್ಟವಾಗಿ ಕುಡಿದ ಹೊಗೆ, ಮೊದಲೇ ಹೃದ್ರೋಗವಿರುವವರಲ್ಲಿ ಆ ಉಬ್ಬು ಒಡೆಯಲು ನೆಪವಾಗಬಹುದು.

ಜಗತ್ತು ಕಲಿತ ಪಾಠ

1952ರ ಡಿಸೆಂಬರಿನಲ್ಲಿ ಲಂಡನ್ ನಗರದ ಮೇಲೆ ಕಲ್ಲಿದ್ದಲ ಹೊಗೆ ಐದು ದಿನ ಕದಲದೆ ನಿಂತಿತು. ಆಗ ಸುಮಾರು 4,000 ಹೆಚ್ಚುವರಿ ಸಾವುಗಳಾದವೆಂದು ಅಂದಾಜು ಮಾಡಲಾಯಿತು. ನಂತರದ ಅಧ್ಯಯನಗಳು ಈ ಸಂಖ್ಯೆ ಇನ್ನೂ ಹೆಚ್ಚೆಂದು ಹೇಳಿವೆ. ಸತ್ತವರಲ್ಲಿ ಶ್ವಾಸಕೋಶದ ಕಾಯಿಲೆಯವರೊಂದಿಗೆ ಹೃದ್ರೋಗಿಗಳೂ ಇದ್ದರು. 1993ರಲ್ಲಿ ಅಮೆರಿಕದ ಆರು ನಗರಗಳ ಅಧ್ಯಯನ ಪ್ರಕಟವಾಯಿತು. ಗಾಳಿಯಲ್ಲಿ ಸೂಕ್ಷ್ಮ ಕಣ ಹೆಚ್ಚಿದ್ದ ಊರಿನವರಲ್ಲಿ ಹೃದಯ ಮತ್ತು ಶ್ವಾಸಕೋಶದ ಕಾಯಿಲೆಗಳಿಂದ ಸಾವು ಹೆಚ್ಚೆಂಬುದು ಅದರಿಂದ ತಿಳಿದುಬಂತು.

ಇವು ನಗರದ ಮಾತಾದವು. ಹಳ್ಳಿಯ ಅಡಿಗೆಮನೆಯ ಕಡೆ ವಿಜ್ಞಾನಿಗಳ ಗಮನ ಸೆಳೆದ ಆರಂಭದ ಅಧ್ಯಯನಗಳಲ್ಲಿ ಒಂದು ನಡೆದದ್ದು ನಮ್ಮ ದೇಶದಲ್ಲಿಯೇ, ಗುಜರಾತಿನ ನಾಲ್ಕು ಹಳ್ಳಿಗಳಲ್ಲಿ. 1983ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ, ಸೌದೆ ಸಗಣಿಯ ಒಲೆಯಲ್ಲಿ ಅಡಿಗೆ ಮಾಡುವ ಹೊತ್ತಿನಲ್ಲಿ ಹೆಂಗಸರು ಉಸಿರಾಡುತ್ತಿದ್ದ ಗಾಳಿಯ ಪ್ರತಿ ಘನಮೀಟರಿನಲ್ಲಿ ದೊಡ್ಡವು ಚಿಕ್ಕವು ಸೇರಿ ಸುಮಾರು 7 ಮಿಲಿಗ್ರಾಂ, ಅಂದರೆ 7,000 ಮೈಕ್ರೋಗ್ರಾಂ ಕಣಗಳಿದ್ದವು. ಈ ಅಳತೆ ಎಲ್ಲ ಗಾತ್ರದ ಕಣಗಳದ್ದು. ಸೂಕ್ಷ್ಮ ಕಣಗಳಿಗೆ ಮಾತ್ರ ನಮ್ಮ ದೇಶ 2009ರಲ್ಲಿ ಹಾಕಿಕೊಂಡ ಮಿತಿ ದಿನದ ಸರಾಸರಿ 60 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ್ದು 15. ಎರಡನ್ನೂ ನೇರವಾಗಿ ಹೋಲಿಸಲು ಬಾರದಿದ್ದರೂ ಒಲೆಯ ಮುಂದಿನ ಗಾಳಿ ಎಂಥದೆಂದು ಇದರಿಂದ ಊಹಿಸಬಹುದು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರ ಒಂದೇ ವರ್ಷದಲ್ಲಿ ಮನೆಯೊಳಗಿನ ಹೊಗೆಯಿಂದ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಅಕಾಲದಲ್ಲಿ ಸತ್ತರು. ಅವರಲ್ಲಿ ಪ್ರತಿ ನೂರಕ್ಕೆ 32 ಜನ ಹೃದಯದ ರಕ್ತನಾಳದ ಕಾಯಿಲೆಯಿಂದ, 23 ಜನ ಲಕ್ವದಿಂದ ಸತ್ತವರು. ಅಂದರೆ ಹೊಗೆಯಿಂದಾದ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೃದಯ ಮತ್ತು ರಕ್ತನಾಳಗಳಿಗೆ ಸೇರಿದ್ದು.

ಹೊಗೆ ಕಡಿಮೆಯಾದರೆ ಪ್ರಯೋಜನವುಂಟೇ? ಮಧ್ಯ ಅಮೆರಿಕದ ಗ್ವಾಟೆಮಾಲ ದೇಶದ ಗುಡ್ಡಗಾಡಿನಲ್ಲಿ ತೆರೆದ ಒಲೆಯ ಬದಲು ಹೊಗೆಕೊಳವೆಯ ಒಲೆ ಕೊಟ್ಟು ಪರೀಕ್ಷಿಸಿದರು. 2007ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮಧ್ಯವಯಸ್ಸು ಮೀರಿದ ಹೆಂಗಸರ ಕೆಳಗಿನ ರಕ್ತದೊತ್ತಡ ಸುಮಾರು 3 ಅಂಕ ಇಳಿದಿತ್ತು. ಇದು ಮಾತ್ರೆಯಿಲ್ಲದೆ, ಒಲೆ ಬದಲಿಸಿದ್ದರಿಂದಲೇ ಆದ ಲಾಭ. ಹಾಗೆಂದು ಬಿ.ಪಿ. ಮಾತ್ರೆ ಬಿಡಬಾರದು.

ಪರಿಹಾರ ನಮ್ಮ ಕೊಟ್ಟಿಗೆಯಲ್ಲಿದೆ

ಹೈನುಗಾರರಾದ ನಮಗೆ ಒಂದು ಅನುಕೂಲ ಇದೆ. ಹಸು ಹಾಲಿನ ಜೊತೆಗೆ ಸಗಣಿಯನ್ನೂ ಕೊಡುತ್ತದೆ. ಅದೇ ಸಗಣಿಯಿಂದ ಹೊಗೆಯಿಲ್ಲದ ಉರಿ ಪಡೆಯಬಹುದು.

ನೆರೆಯ ಶಿರಸಿ ತಾಲೂಕು ಇದಕ್ಕೆ ಒಳ್ಳೆಯ ಉದಾಹರಣೆ. ನಮ್ಮಂತೆಯೇ ಅಡಿಕೆ ತೋಟ, ದನಕರು, ಮಳೆ ಇರುವ ಆ ಸೀಮೆಯ ಗೋಬರ್ ಗ್ಯಾಸ್ ಘಟಕಗಳ ಬಗ್ಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ತಜ್ಞರು ಅಧ್ಯಯನ ನಡೆಸಿ 2001ರಲ್ಲಿ ಪ್ರಕಟಿಸಿದರು. ಘಟಕಗಳು ಚೆನ್ನಾಗಿ ನಡೆಯುತ್ತಿದ್ದವು. ಕಟ್ಟಿದವರೇ ಊರಿನ ಬಳಿ ಇದ್ದು, ಹೊಣೆ ಹೊತ್ತು ದುರಸ್ತಿ ಮಾಡಿಕೊಡುತ್ತಿದ್ದುದು ಅದಕ್ಕೆ ಒಂದು ಮುಖ್ಯ ಕಾರಣ. ಘಟಕ ಕಟ್ಟಿಸುವಾಗ ನಾವೂ ಇದನ್ನು ನೆನಪಿಡಬೇಕು. ಅಗ್ಗದ ದರಕ್ಕಿಂತ ನಂತರ ಬಂದು ನೋಡುವ ಮೇಸ್ತ್ರಿ ಮುಖ್ಯ.

ಲೆಕ್ಕ ಹೀಗಿದೆ. ಒಬ್ಬರ ಅಡಿಗೆಗೆ ದಿನಕ್ಕೆ ಸುಮಾರು ಕಾಲು ಘನಮೀಟರಿಗಿಂತ ತುಸು ಹೆಚ್ಚು ಗ್ಯಾಸ್ ಬೇಕು. ಐದಾರು ಜನರ ಮನೆಗೆ 2 ಘನಮೀಟರಿನ ಘಟಕ ಸಾಕು. ಅದಕ್ಕೆ ದಿನಕ್ಕೆ ಸುಮಾರು 50 ಕಿಲೋ ಸಗಣಿ ಬೇಕು. ಕಟ್ಟಿ ಮೇಯಿಸುವ ಮಿಶ್ರತಳಿಯ ಮೂರು ನಾಲ್ಕು ಹಸುಗಳಿದ್ದರೆ ಇಷ್ಟು ಸಿಗುತ್ತದೆ. ಹೊರಗೆ ಮೇಯುವ ಮಲೆನಾಡು ಗಿಡ್ಡ ದನಗಳಾದರೆ ಕೊಟ್ಟಿಗೆಯಲ್ಲಿ ಸಿಗುವ ಸಗಣಿ ಕಡಿಮೆ, ಹೆಚ್ಚು ದನ ಬೇಕಾಗುತ್ತವೆ.

ನೆನಪಿಡಬೇಕಾದ ಅಂಶಗಳು:

1. ಸಗಣಿಗೆ ಸಮನಾಗಿ ನೀರು ಬೆರೆಸಿ, ಗಂಟಿಲ್ಲದಂತೆ ಕಲಸಿ ಹಾಕಬೇಕು.

2. ಸೊಪ್ಪಿನ ಹಾಸು, ದರಗು, ಹುಲ್ಲು ಘಟಕಕ್ಕೆ ಸೇರಬಾರದು. ಸೇರಿದರೆ ಮೇಲೆ ಕೆನೆಗಟ್ಟಿ ಗ್ಯಾಸ್ ನಿಲ್ಲುತ್ತದೆ. ಸೊಪ್ಪು ಹಾಸುವವರು ಸಗಣಿಯನ್ನು ಮೊದಲೇ ಬೇರೆ ಎತ್ತಿಡಬೇಕು.

3. ಘಟಕಕ್ಕೆ ಬಿಸಿಲು ಬೀಳುವ ಜಾಗ ಆರಿಸಿ. ಕುಡಿಯುವ ನೀರಿನ ಬಾವಿಯಿಂದ ದೂರವಿರಲಿ. ಮಳೆನೀರು ಗುಂಡಿಗೆ ನುಗ್ಗದಂತೆ ಕಟ್ಟೆ, ಮಾಡು ಇರಲಿ.

4. ಚಳಿ ಮಳೆಯಲ್ಲಿ ಗ್ಯಾಸ್ ಕಡಿಮೆ ಬರುವುದು ಸಹಜ. ಘಟಕ ಕೆಟ್ಟಿತೆಂದು ಕೈಬಿಡಬೇಡಿ.

5. ಘಟಕದ ಗುಂಡಿಗೆ ಯಾವ ಕಾರಣಕ್ಕೂ ಇಳಿಯಬೇಡಿ. ಒಳಗಿನ ಅನಿಲದಿಂದ ಉಸಿರುಗಟ್ಟಿ ಪ್ರಾಣ ಹೋಗುತ್ತದೆ. ದುರಸ್ತಿಗೆ ತಿಳಿದವರನ್ನೇ ಕರೆಸಿ.

ಗೊಬ್ಬರ ಹೋಗುತ್ತದೆಂಬ ಚಿಂತೆ ಬೇಡ. ಘಟಕದಿಂದ ಹೊರಬರುವ ಬಗ್ಗಡದಲ್ಲಿ ಸಗಣಿಯ ಸಾರಜನಕ ಉಳಿದೇ ಇರುತ್ತದೆ. ದರಗು ಸೊಪ್ಪಿನೊಂದಿಗೆ ಕಳಿಸಿದರೆ ತೋಟಕ್ಕೆ ಉತ್ತಮ ಗೊಬ್ಬರವಾಗುತ್ತದೆ.

ಒಲೆ ಉಳಿಯುವ ಕಡೆ

ಬಚ್ಚಲೊಲೆ, ಅಡಿಕೆ ಒಲೆಗಳು ಒಮ್ಮೆಲೇ ಹೋಗುವುದಿಲ್ಲ. ಒಲೆ ಉಳಿದರೂ ಹೊಗೆ ಉಳಿಯಬೇಕಾಗಿಲ್ಲ.

ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಅಸ್ತ್ರ ಒಲೆಯನ್ನು ನಮ್ಮಲ್ಲಿ ಹಲವರು ಕಂಡಿದ್ದಾರೆ. ಸೌದೆ ಉಳಿತಾಯ, ಹೊಗೆ ಕೊಳವೆಯ ಮೂಲಕ ಮಾಡಿನಿಂದ ಹೊರಗೆ, ಇವೆರಡೂ ಅದರ ಲಾಭ. ಆದರೆ ಕೊಳವೆಯಲ್ಲಿ ಮಸಿ ಕಟ್ಟಿದರೆ ಹೊಗೆ ಮತ್ತೆ ಒಳಕ್ಕೇ ಬರುತ್ತದೆ. ಒಲೆ ಬಿರುಕು ಬಿಟ್ಟಾಗ ಮಣ್ಣು ಮೆತ್ತಿ, ಕೊಳವೆಯನ್ನು ಆಗಾಗ್ಗೆ ಶುಚಿ ಮಾಡುತ್ತಿರಬೇಕು. ಬಚ್ಚಲೊಲೆಗೂ ಕೊಳವೆ ಹಾಕಿಸಿ, ಸೌದೆ ಹಾಕುವ ಬಾಯಿಯನ್ನು ಗೋಡೆಯ ಹೊರಗಿಟ್ಟರೆ ಉತ್ತಮ. ಮಳೆಗಾಲ ಕಳೆದ ಮೇಲಿನ ತಿಂಗಳುಗಳಲ್ಲಿ ಸೋಲಾರ್ ನೀರಿನ ಹಂಡೆ ಬಳಸಬಹುದು.

ಸೌದೆಯನ್ನು ಬೇಸಿಗೆಯಲ್ಲಿಯೇ ಸೀಳಿ, ಒಣಗಿಸಿ, ಮಾಡಿನ ಕೆಳಗೆ ಪೇರಿಸಿ. ಒಣಸೌದೆ ಕಡಿಮೆ ಹೊಗೆಯಲ್ಲಿ ಹೆಚ್ಚು ಉರಿ ಕೊಡುತ್ತದೆ.

ಬೆಂಕಿ ಹೊತ್ತಿಸಲು ಪಶು ಆಹಾರದ ಹರಿದ ಚೀಲ, ಪ್ಲಾಸ್ಟಿಕ್ ಕೊಟ್ಟೆ, ಔಷಧಿ ಬಾಟಲಿ ಹಾಕುವ ರೂಢಿ ಕೆಲವೆಡೆ ಇದೆ. ಇದನ್ನು ಕೂಡಲೇ ನಿಲ್ಲಿಸಿ. ಪ್ಲಾಸ್ಟಿಕ್ ಹೊಗೆ ಸೌದೆಯ ಹೊಗೆಗಿಂತ ಕೆಟ್ಟದ್ದು.

ಕೊಟ್ಟಿಗೆಗೆ ಹೊಗೆ ಹಾಕುವ ಬದಲು ಸಗಣಿ ಗಂಜಲ ನಿಲ್ಲದಂತೆ ಗಟಾರ ತೊಳೆಯಿರಿ, ಗಾಳಿ ಆಡುವಂತೆ ಮಾಡಿ, ಸಾಧ್ಯವಾದರೆ ಸೊಳ್ಳೆಪರದೆ ಕಟ್ಟಿ. ಹೊಗೆ ಹಾಕಲೇಬೇಕಿದ್ದರೆ ಕರೆಯುವ ಹೊತ್ತಿನಲ್ಲಿ ಬೇಡ. ಹಾಲಿಗೂ ವಾಸನೆ ಹಿಡಿಯುವುದಿಲ್ಲ, ಕರೆಯುವವರಿಗೂ ದನಕ್ಕೂ ಒಳ್ಳೆಯದು.

ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಟ್ಟು ಮಲಗಬೇಡಿ. ಬಾಣಂತಿ ಕೋಣೆಯಲ್ಲಂತೂ ಕೂಡದು. ಅಡಿಗೆಯ ಹೊತ್ತಿನಲ್ಲಿ ಮಕ್ಕಳನ್ನು, ಬಸುರಿಯರನ್ನು, ಹೃದ್ರೋಗ ಮತ್ತು ಬಿ.ಪಿ. ಇರುವ ಹಿರಿಯರನ್ನು ಒಲೆಯಿಂದ ದೂರ ಕೂರಿಸಿ. ಒಲೆಯ ಹೊಗೆ ಬಿಟ್ಟು ಬೀಡಿಯ ಹೊಗೆ ಹಿಡಿದರೆ ಪ್ರಯೋಜನವಿಲ್ಲವೆಂದು ಗಂಡಸರಿಗೆ ಬೇರೆ ಹೇಳಬೇಕಾಗಿಲ್ಲ.

ಎದೆನೋವು ಬಂದಾಗ

ಎದೆಯ ಮಧ್ಯೆ ಭಾರ, ಹಿಂಡಿದಂತೆ ನೋವು, ಅದು ಎಡಗೈಗೆ, ದವಡೆಗೆ, ಬೆನ್ನಿಗೆ ಹರಡುವುದು, ತಣ್ಣನೆಯ ಬೆವರು, ಇವು ಹೃದಯಾಘಾತದ ಚಿಹ್ನೆಗಳು. ಹೆಂಗಸರಲ್ಲಿ ಮತ್ತು ಸಕ್ಕರೆ ಕಾಯಿಲೆಯವರಲ್ಲಿ ನೋವು ಅಷ್ಟಾಗಿ ಇಲ್ಲದೆ, ಏದುಸಿರು, ವಿಪರೀತ ಸುಸ್ತು, ಹೊಟ್ಟೆಯ ಮೇಲ್ಭಾಗದ ಸಂಕಟ, ವಾಂತಿ ಮಾತ್ರ ಕಾಣಿಸಬಹುದು. “ಗ್ಯಾಸ್ ಆಗಿರಬೇಕು, ಹಾಲು ಕರೆದು ಆಮೇಲೆ ನೋಡೋಣ” ಎಂದು ಮನೆಯಾಕೆ ಹೇಳಬಹುದು. ಮನೆಯವರು ಅದನ್ನು ಕೇಳಬಾರದು. ಹಾಲನ್ನು ಬೇರೆಯವರು ಕರೆಯಲಿ.

ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಸುಮಾರು 60 ಕಿ.ಮೀ. ಹಳ್ಳಿಯಿಂದ ಪೇಟೆಗೆ ಬರುವ ದಾರಿ ಬೇರೆ. ಆದ್ದರಿಂದ ತಡಮಾಡದೆ 108ಕ್ಕೆ ಕರೆಮಾಡಿ. ಹತ್ತಿರದ ತಾಲೂಕು ಆಸ್ಪತ್ರೆಯಲ್ಲಿ ಮೊದಲು ಇಸಿಜಿ ತೆಗೆಸಿ. ಹೆಪ್ಪು ಕರಗಿಸುವ ಚುಚ್ಚುಮದ್ದು ಎಷ್ಟು ಬೇಗ ಬಿದ್ದರೆ ಅಷ್ಟು ಹೃದಯ ಉಳಿಯುತ್ತದೆ. ತಾಲೂಕು ಆಸ್ಪತ್ರೆಗಳಲ್ಲಿಯೇ ಈ ಆರಂಭಿಕ ಚಿಕಿತ್ಸೆ ಸಿಗಲೆಂದು ರಾಜ್ಯ ಸರ್ಕಾರ 2023ರಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯನ್ನು ತಂದಿದೆ.

ಸಹಕಾರಿಗಳಿಗಾಗಿ 2003ರಲ್ಲಿ ಕಾರ್ಯಾರಂಭ ಮಾಡಿದ ಯಶಸ್ವಿನಿ ಯೋಜನೆ 2018ರಲ್ಲಿ ನಿಂತು, 2022-23ರಲ್ಲಿ ಪುನಃ ಆರಂಭವಾಯಿತು. ನೋಂದಣಿಯ ಅವಧಿ ಮತ್ತು ಕಂತಿನ ವಿವರವನ್ನು ಸಂಘದ ಕಾರ್ಯದರ್ಶಿಯವರಲ್ಲಿ ಕೇಳಿ ತಿಳಿಯಿರಿ. ಕಾಯಿಲೆ ಬಂದ ಮೇಲೆ ಕೇಳಿದರೆ ಪ್ರಯೋಜನವಾಗದು.

ಸಂಘದ ಸಭೆಯಲ್ಲಿ ಚರ್ಚಿಸಲು

1. ನಮ್ಮ ಮನೆಯಲ್ಲಿ ದಿನಕ್ಕೆ ಎಷ್ಟು ಗಂಟೆ ಒಲೆ ಉರಿಯುತ್ತದೆ? ಅದರ ಮುಂದೆ ಕೂರುವವರು ಯಾರು?

2. ಊರಿನಲ್ಲಿ ಮೂರಕ್ಕಿಂತ ಹೆಚ್ಚು ಹಸುವಿದ್ದೂ ಗೋಬರ್ ಗ್ಯಾಸ್ ಇಲ್ಲದ ಮನೆಗಳೆಷ್ಟು? ಕೆಟ್ಟು ನಿಂತ ಘಟಕಗಳೆಷ್ಟು? ಅವನ್ನು ಒಟ್ಟಿಗೆ ದುರಸ್ತಿ ಮಾಡಿಸಬಹುದೇ?

3. ನಲವತ್ತು ದಾಟಿದ ಸದಸ್ಯರಲ್ಲಿ, ಅವರ ಮನೆಯ ಹೆಂಗಸರಲ್ಲಿ ಎಷ್ಟು ಜನ ಈ ವರ್ಷ ಬಿ.ಪಿ. ನೋಡಿಸಿಕೊಂಡಿದ್ದಾರೆ?

ಡೈರಿಯಲ್ಲಿ ಫ್ಯಾಟು, ಡಿಗ್ರಿ ಎರಡೂ ಬರೆದ ಚೀಟಿ ಹಿಡಿದು ಮನೆಗೆ ಬರುತ್ತೇವೆ. ಒಂದು ಅಂಕ ಇಳಿದರೂ ಏಕೆಂದು ಕೇಳುತ್ತೇವೆ. ಹಸುವನ್ನು ಸಾಕಿ ಆ ಹಾಲು ಕರೆದವರ ಬಿ.ಪಿ. ಎಷ್ಟಿದೆ ಎಂಬುದನ್ನೂ ಹಾಗೆಯೇ ಕೇಳುವಂತಾಗಲಿ. ಈ ಪಾಠವನ್ನು ಮನೆಗೆ ಒಯ್ದು, ಒಲೆಯ ಮುಂದಿರುವವರಿಗೆ ಓದಿ ಹೇಳಿ.